ಚೊಚ್ಚಲ ಹೆರಿಗೆ, ರಾತ್ರಿ 3 ಗಂಟೆ ಅಂಜಿಕಿ

ಪ್ರಶ್ನೆ: ನಮಸ್ಕಾರ ಮೇಡಂ. ನಂಗ 24 ವರ್ಷ, ಸಿಂಧನೂರು ತಾಲೂಕಿನ ಒಂದ ಹಳ್ಳಿ. ಚೊಚ್ಚಲ, ಈಗ 7 ತಿಂಗಳು, ಬರೋ ವಾರ ಕುಬಸ. ನಮ್ಮ ಮನಿಯವರು ತೋರಣಗಲ್ಲಿನಾಗ ಫ್ಯಾಕ್ಟರಿ ಕೆಲಸದಾಗ ಅದಾರ, 15 ದಿನಕ್ಕೊಮ್ಮಿ ಬರ್ತಾರ. ಹೆರಿಗೆ ನೆನಿಸ್ಕೊಂಡ್ರ ಕೈಕಾಲು ತಣ್ಣಗಾಗ್ತಾವ. ರಾತ್ರಿ 3 ಗಂಟೆಕ್ಕ ಎಚ್ಚರ ಆಗಿ ಎದಿ ಡವಡವ ಅಂತೈತಿ, ಮತ್ತ ನಿದ್ದಿ ಹತ್ತಂಗಿಲ್ಲ. ನಮ್ಮ ದೊಡ್ಡವ್ವನ ಮಗಳು ಹೆರಿಗೆಯಾಗ ರಕ್ತ ಹೋಗಿ ತೀರ್ಕೊಂಡ್ಲು, ಆಗ ನಾ 12 ವರ್ಷದಾಕಿ, ಮನಿ ಮುಂದ ಮಲಗಿಸಿದ್ದನ್ನ ನೋಡೀನಿ. ಮ್ಯಾಲೆ ಬಳ್ಳಾರಿ ಬಾಣಂತಿಯರ ಸುದ್ದಿ ಟಿವಿಯಾಗ ನೋಡಿದ್ದು ತಲಿಯಾಗ ಕುಂತುಬಿಟ್ಟೈತಿ. ಅತ್ತಿ "ನಾವು ಹೊಲದಾಗ ಕಳೆ ತಗೀತಾ ಹಡದೀವಿ, ನಿಮ್ಮದೆಲ್ಲಾ ನಾಟಕ" ಅಂತಾರ. ನಮ್ಮ ಅವ್ವ ಇಲ್ಲ, ಹೋಗಿ 3 ವರ್ಷ ಆತು. ಕುಬಸ ಆದಮ್ಯಾಲೆ ಚಿಗವ್ವನ ಮನಿಗೆ ಹೋಗೋದು. ಡಾಕ್ಟರ್ ಕಡೆ ಹೇಳಿ ಸೀದಾ ಸಿಸೇರಿಯನ್ ಮಾಡಿಸ್ಕೊಂಡ್ರ ಹೆಂಗ? ನಾ ಹಿಂಗ ಅಂಜೋದ್ರಿಂದ ಕೂಸಿಗೆ ಏನರ ಆಗತೈತಾ?

ಉತ್ತರ: ತಂಗಿ, ಮೊದ್ಲ ನಿನ್ನ ಕಡೀ ಪ್ರಶ್ನೆಗೇ ಉತ್ತರ ಹೇಳಿಬಿಡ್ತೀನಿ, ಯಾಕಂದ್ರ ಅದು ಇತ್ಯರ್ಥ ಆಗೋತನಕ ಉಳಿದಿದ್ದು ಯಾವ್ದೂ ನಿನ್ನ ತಲಿಯಾಗ ಇಳಿಯಂಗಿಲ್ಲ. ನೀ ರಾತ್ರಿ ಎದ್ದು ಅಂಜಿದ್ದಕ್ಕ, ಒಬ್ಬಾಕಿನ ಅತ್ತಿದ್ದಕ್ಕ, ಟಿವಿ ನೋಡಿ ಎದಿ ಹೊಡ್ಕೊಂಡಿದ್ದಕ್ಕ ಕೂಸಿಗೆ ಪೆಟ್ಟು ಬಿದ್ದೈತಿ ಅಂತ ತಿಳ್ಕೊಬ್ಯಾಡ. ಹೊಟ್ಟಿಯೊಳಗಿನ ಕೂಸು ಅಷ್ಟು ಸೂಕ್ಷ್ಮ ಇದ್ದಿದ್ರ ನಮ್ಮ ಕಡೆ ಬಸುರಿಯರು ಬರಗಾಲ, ಸಾಲ, ಮನಿಯಾಗಿನ ಜಗಳ ಎಲ್ಲಾ ದಾಟಿ ಹಡೀತಿರ್ಲಿಲ್ಲ. ಆದ್ರ ನಿನ್ನ ಮುಂದ ಅರ್ಧ ಮಾತು ಹೇಳಿ ಬಿಡಂಗಿಲ್ಲ, ಪೂರ್ತಿ ಹೇಳ್ತೀನಿ. ಭಾಳ ಜಾಸ್ತಿ ಆತಂಕ ತಿಂಗಳುಗಟ್ಟಲೆ ಹಂಗ ಉಳಿದು, ಊಟ ನಿದ್ದಿ ಎರಡೂ ಕೆಟ್ಟು, ಯಾರೂ ಅದನ್ನ ನೋಡದಿದ್ರ, ಅಂಥವರಿಗೆ ದಿನ ತುಂಬೋಕಿಂತ ಮೊದ್ಲ ಹೆರಿಗೆ ಆಗೋದು, ಕೂಸಿನ ತೂಕ ಸ್ವಲ್ಪ ಕಡಿಮಿ ಇರೋದು ಉಳಿದವರಿಗಿಂತ ಒಂಚೂರು ಹೆಚ್ಚು ಅಂತ ಕಂಡುಬಂದೈತಿ. ಇದು ನಿನ್ನ ತಪ್ಪು ತೋರಿಸೋ ಮಾತಲ್ಲ, ಬಿಪಿ ಹೆಂಗೋ ಹಂಗ, ನೋಡಿಸ್ಕೊಂಡ್ರ ಕಡಿಮಿ ಆಗೋ ವಿಷಯ ಅಂತ ಹೇಳಾಕ ಬರದೆ ಅಷ್ಟ. ನೀ ನನಗ ಬರದಿ ನೋಡು, ಅಲ್ಲಿಂದಾನ ನೋಡಿಸ್ಕೊಳ್ಳೋದು ಶುರು ಆತು.

ಇನ್ನೊಂದು, ಇದಕ್ಕ ಒಂದು ಹೆಸರು ಐತಿ. ಹೆರಿಗೆ ಭಯ ವಿಪರೀತ ಆದ್ರ ಡಾಕ್ಟರುಗಳು ಟೋಕೋಫೋಬಿಯಾ ಅಂತ ಕರೀತಾರ, ಗ್ರೀಕ್ ಭಾಷೆಯಾಗ ಟೋಕೋಸ್ ಅಂದ್ರ ಹೆರಿಗೆ. 2000ನೇ ಇಸವಿಯಾಗ ಇಂಗ್ಲೆಂಡಿನ ಇಬ್ಬರು ಮನೋವೈದ್ಯರು ಈ ಹೆಸರಿನ ಮ್ಯಾಲೆ ಲೇಖನ ಬರದ್ರು. ಅದರಾಗ ಅವರು ಹೇಳಿದ್ದು ಏನಂದ್ರ, ಒಮ್ಮಿನೂ ಹಡಿಯದಾಕಿಗೂ ಈ ಭಯ ಇರತೈತಿ, ಎಷ್ಟೋ ಸಲ ಅದು ಹುಡುಗಿ ಇದ್ದಾಗಿಂದಾನ ಒಳಗ ಕುಂತಿರತೈತಿ. ನೀ 12 ವರ್ಷದಾಕಿ ಇದ್ದಾಗ ಮನಿ ಮುಂದ ನೋಡಿದ್ದನ್ನ ನೆನಪು ಮಾಡ್ಕೊ. ಅವತ್ತು ಅಳೋ ದೊಡ್ಡವರ ನಡುವ ನಿನ್ನನ್ನ ಯಾರರ ಪಕ್ಕಕ್ಕ ಕರದು ಏನಾತು, ಯಾಕಾತು ಅಂತ ಹೇಳಿದ್ರೇನು? ಯಾರೂ ಹೇಳಿರಂಗಿಲ್ಲ. ಸಣ್ಣ ಹುಡುಗಿ ತಾನ ಒಂದು ಲೆಕ್ಕ ಹಾಕ್ಕೊಂಡ್ಲು, ಹಡಿಯೋದು ಅಂದ್ರ ಸಾಯೋದು ಅಂತ. ಹನ್ನೆರಡು ವರ್ಷ ಆದಮ್ಯಾಲೆ ಈಗ ಆ ಹುಡುಗಿನೇ ರಾತ್ರಿ 3 ಗಂಟೆಕ್ಕ ಎದ್ದು ಕುಂದ್ರಾಕತ್ತಾಳ. ಇದನ್ನ ನಾಟಕ ಅಂತ ನಾ ಹೆಂಗ ಅನ್ಲಿ?

ನಾ ಒಮ್ಮಿ ಅಂದೀನಿ, ಅದನ್ನ ನಿನಗ ಹೇಳಬೇಕು. ಹದಿನೆಂಟು ವರ್ಷದ ಹಿಂದ, ಆಗ ನಾ ಹೊಸಾ ಡಾಕ್ಟರು, ಒಂದು ಆಸ್ಪತ್ರಿಯಾಗ ರಾತ್ರಿ ಡ್ಯೂಟಿ, ಒಬ್ಬಾಕಿನ ನಾಲ್ಕು ಹೆರಿಗೆ ನೋಡ್ಕೋಬೇಕಿತ್ತು, ಅದರಾಗ ಒಂದು ಹತ್ತೊಂಬತ್ತು ವರ್ಷದ ಹುಡುಗಿ ಟೇಬಲ್ ಮ್ಯಾಲೆ ಹತ್ತಾಕ ಒಲ್ಲೆ ಅಂತ ಬಾಗಿಲ ಹಿಡ್ಕೊಂಡು ನಿಂತಿದ್ಲು. ನಂಗ ಸಿಟ್ಟು ಬಂತು, "ಜಗತ್ತಿನಾಗ ನೀ ಒಬ್ಬಾಕೇನ ಹಡಿಯಾಕಿ? ಎಲ್ಲಾರೂ ಹಡೀತಾರ" ಅಂತ ಜೋರು ಮಾಡಿದೆ. ಆಕಿ ಸುಮ್ನಾದ್ಲು. ನಾ ಗೆದ್ದೆ ಅನ್ಕೊಂಡೆ. ಆದ್ರ ಆಮ್ಯಾಲೆ ಬ್ಯಾನಿ ಎಷ್ಟು ಬಂದ್ರೂ ಆಕಿ ಬಾಯಿ ಬಿಡ್ಲಿಲ್ಲ, ಏನಾಗಾಕತ್ತೈತಿ ಅಂತ ಕೇಳಿದ್ರ ಹೇಳ್ಲಿಲ್ಲ, ಕೂಸು ಹುಟ್ಟಿ ಎದಿ ಮ್ಯಾಲೆ ಇಟ್ರೂ ನನ್ನ ಕಡೆ ಕಣ್ಣೆತ್ತಿ ನೋಡ್ಲಿಲ್ಲ. ಅವತ್ತು ತಾಯಿ ಮಗು ಇಬ್ಬರೂ ಚೊಲೋ ಇದ್ರು, ದಾಖಲೆ ಪುಸ್ತಕದಾಗ ನಾರ್ಮಲ್ ಅಂತ ಬರದೆ. ಎರಡು ವರ್ಷ ಆದಮ್ಯಾಲೆ ನನ್ನ ಚೊಚ್ಚಲ ಹೆರಿಗೆ ಬಂದಾಗ, ಎಲ್ಲಾ ಓದಿದಾಕಿ ನಾನು, ಎಲ್ಲಾ ನೋಡಿದಾಕಿ, ಹಿಂದಿನ ರಾತ್ರಿ ಬಾತ್‌ರೂಮಿನಾಗ ನಿಂತು ನಡುಗಿದ್ನೆಲ್ಲಾ, ಅವತ್ತು ಆಕಿ ನೆನಪಾದ್ಲು. ಆಗಿಂದ ನಾ ಯಾರಿಗೂ "ಎಲ್ಲಾರೂ ಹಡೀತಾರ" ಅಂದಿಲ್ಲ, ಯಾರರ ಅಂದ್ರ ಅಲ್ಲೇ ತಡದೀನಿ. ಅಂಜಿದಾಕಿಗೆ ಆ ಮಾತು ಧೈರ್ಯ ಕೊಡಂಗಿಲ್ಲ, ಬಾಯಿ ಮುಚ್ಚಿಸತೈತಿ, ಬಾಯಿ ಮುಚ್ಚಿದ ಹೆಣ್ಣುಮಗಳು ತ್ರಾಸ ಆದ್ರೂ ಹೇಳಂಗಿಲ್ಲ, ಅದು ನಮಗ ಡಾಕ್ಟರಿಗೂ ಅಪಾಯ.

ಈಗ ನಿನ್ನ ಅಂಜಿಕಿನ ಬಿಡಿಸಿ ನೋಡೋಣು. ಅದು ಒಂದ ದೊಡ್ಡ ಮೂಟಿ ಹಂಗ ಕಾಣತೈತಿ, ಬಿಚ್ಚಿದ್ರ ಒಳಗ ಮೂರ್ನಾಲ್ಕು ಬ್ಯಾರೆ ಬ್ಯಾರೆ ಅಂಜಿಕಿ ಅದಾವ, ಒಂದೊಂದಕ್ಕೂ ಉತ್ತರ ಬ್ಯಾರೆ.

ಬ್ಯಾನಿದು ಮೊದ್ಲ. ನಿನ್ನ ತಲಿಯಾಗ ಹೆರಿಗೆ ಬ್ಯಾನಿ ಅಂದ್ರ ಶುರು ಆದ್ರ ಮುಗಿಯೋತನಕ ಬಿಡದಂಗ ಕೊಲ್ಲೋ ನೋವು ಅಂತ ಇರತೈತಿ, ರೀಲ್ಸ್‌ನಾಗ ಹಂಗ ತೋರಿಸ್ತಾರ. ನಿಜವಾಗ್ಲೂ ಅದು ಅಲಿ ಬಂದಂಗ ಬರತೈತಿ. ಗರ್ಭಕೋಶ ಬಿಗಿ ಹಿಡೀತೈತಿ, ಏರತೈತಿ, ಇಳೀತೈತಿ, ಬಿಡತೈತಿ. ಶುರುವಿಗೆ ಹತ್ತು ಹದಿನೈದು ನಿಮಿಷಕ್ಕೊಮ್ಮಿ, ಅರ್ಧ ನಿಮಿಷ. ಜೋರು ಬ್ಯಾನಿ ಇದ್ದಾಗ ಸುದ್ದಾ ಹತ್ತು ನಿಮಿಷದಾಗ ಮೂರೋ ನಾಲ್ಕೋ, ಒಂದೊಂದು ಮುಕ್ಕಾಲು ನಿಮಿಷ, ಒಂದು ನಿಮಿಷ. ಅಂದ್ರ ಹತ್ತು ನಿಮಿಷದಾಗ ಆರು ನಿಮಿಷ ನಿನ್ನ ಮೈ ನಿನಗ ಬಿಡುವು ಕೊಟ್ಟಿರತೈತಿ. ನೋವು ಇರಂಗಿಲ್ಲ ಅಂತ ನಾ ಹೇಳಂಗಿಲ್ಲ, ಇರತೈತಿ, ಜೋರೂ ಇರತೈತಿ, ಆದ್ರ ನೀ ತಡಕೋಬೇಕಾದ್ದು ಇಡೀ ರಾತ್ರಿನ ಒಮ್ಮೆಲೆ ಅಲ್ಲ, ಈಗಿಂದು ಒಂದು ಬ್ಯಾನಿ, ಅಷ್ಟ. ಅಂಜಿದಾಕಿ ಏನ್ ಮಾಡ್ತಾಳಂದ್ರ ಬಿಡುವಿನಾಗೂ ಹಲ್ಲು ಕಚ್ಚಿ ಮೈ ಬಿಗಿ ಹಿಡಕೊಂಡ ಇರ್ತಾಳ, ಮುಂದಿಂದು ಯಾವಾಗ ಬರತೈತಿ ಅಂತ ಕಾಯ್ತಾಳ, ಹಂಗಾಗಿ ಆಕಿಗೆ ಬಿಡುವು ಸಿಗಂಗಿಲ್ಲ. 1930ರ ದಶಕದಾಗ ಇಂಗ್ಲೆಂಡಿನ ಗ್ರಾಂಟ್ಲಿ ಡಿಕ್-ರೀಡ್ ಅನ್ನೋ ಡಾಕ್ಟರು ಇದನ್ನ ಹೇಳಿದ್ರು, ಅಂಜಿಕಿ ಮೈ ಬಿಗಿ ಮಾಡತೈತಿ, ಬಿಗಿ ನೋವು ಹೆಚ್ಚು ಮಾಡತೈತಿ, ನೋವು ಮತ್ತ ಅಂಜಿಕಿ ಹುಟ್ಟಿಸತೈತಿ, ಹಿಂಗ ಸುತ್ತು ತಿರಗತೈತಿ ಅಂತ. ನಿನಗ ಇದು ಪುಸ್ತಕ ಓದಿ ತಿಳಿಯೋದೇನು ಬ್ಯಾಡ. ಮನಿಯಾಗ ಆಕಳಾ ಎಮ್ಮಿ ಈಯೋ ಹೊತ್ತಿನಾಗ ಹುಡುಗರು ಹೋಗಿ ಗದ್ದಲ ಹಾಕಿದ್ರ ಹಿರೇರು ಬಯ್ದು ಕಳಸ್ತಾರಲ್ಲ, ಯಾಕ? ಬೆದರಿದ್ರ ಅದು ಈಯೋದು ತಡ ಆಗತೈತಿ. ನಮ್ಮ ಮೈಯಾಗೂ ಅದ. ಹೆದರಿದಾಗ ಏರೋ ಅಡ್ರಿನಲಿನ್ ಅನ್ನೋದು ಬ್ಯಾನಿ ತರಿಸೋ ಆಕ್ಸಿಟೋಸಿನ್‌ಗೆ ಅಡ್ಡ ಬರತೈತಿ.

ಮತ್ತ ಒಂದು ವಿಷಯ ಚೊಚ್ಚಲದವರಿಗೆ ಯಾರೂ ಮೊದ್ಲ ಹೇಳಂಗಿಲ್ಲ, ಆಮ್ಯಾಲೆ ಅದರಿಂದಾನ ಗಾಬರಿ ಆಗ್ತಾರ. ಮೊದಲನೇ ಹೆರಿಗೆಯಾಗ ಶುರುವಿನ ಸಣ್ಣ ಬ್ಯಾನಿ ಭಾಳ ಹೊತ್ತು ಎಳೀಬಹುದು, ಒಮ್ಮೊಮ್ಮಿ ಒಂದು ದಿನ. ಗರ್ಭಕೋಶದ ಬಾಯಿ 5 ಸೆಂಟಿಮೀಟರ್ ತೆರೆಯೋತನಕ ಶುರುವಿನ ಹಂತ ಅಂತಾನ ವಿಶ್ವ ಆರೋಗ್ಯ ಸಂಸ್ಥೆ 2018ರಾಗ ಹೇಳೈತಿ, ಅಲ್ಲಿಂದ 10 ಸೆಂಟಿಮೀಟರ್ ತನಕ ಚೊಚ್ಚಲದವರಿಗೆ ಸಾಮಾನ್ಯವಾಗಿ 12 ತಾಸಿನೊಳಗ ಆಗತೈತಿ, ಆಮ್ಯಾಲೆ ಕೂಸು ಹೊರಗ ಬರಾಕ ಹೆಚ್ಚಂದ್ರ 3 ತಾಸು. ಹಂಗಾಗಿ "ನಿನ್ನೆಯಿಂದ ಬ್ಯಾನಿ ತಿನ್ನಾಕತ್ತಾಳ, ಇನ್ನೂ ಆಗಿಲ್ಲ, ಏನೋ ಕೆಟ್ಟೈತಿ" ಅಂತ ಸುತ್ತಲಿನವರು ಬಾಯಿ ಬಡ್ಕೊಂಡ್ರ ನೀ ಈ ಲೆಕ್ಕ ನೆನಪಿಟ್ಕೊ. ಡಾಕ್ಟರು ಕೂಸಿನ ಎದಿ ಬಡಿತ ನೋಡ್ಕೋತ ಇರ್ತಾರ, ಅದು ಚೊಲೋ ಇದ್ರ ತಡ ಆಗೋದು ಅಂದ್ರ ತಪ್ಪಾಗೋದು ಅಂತಲ್ಲ. ಆ ಹೊತ್ತಿನಾಗ ಮಲಗೇ ಇರಬೇಕಂತಿಲ್ಲ, ತಿರುಗಾಡು, ಗ್ವಾಡಿಗೆ ಕೈ ಕೊಟ್ಟು ಬಾಗಿ ನಿಲ್ಲು, ನಡುವಿನ ಕೆಳಗ ಯಾರರ ಅಂಗೈಲಿ ಒತ್ತಿ ಹಿಡಿದ್ರ ಭಾಳ ಹಗುರ ಅನಸತೈತಿ, ಚೀರಬೇಕು ಅನಿಸಿದ್ರ ಚೀರು, ನಾಚಿಕಿ ಬ್ಯಾಡ. ದೊಡ್ಡ ಆಸ್ಪತ್ರಿಯಾಗ ಎಪಿಡ್ಯೂರಲ್ ಅಂತ ಬೆನ್ನಿಗೆ ಕೊಡೋ ನೋವು ನಿವಾರಣೆ ಇರತೈತಿ, ನೀ ಹೆರಿಗೆಗೆ ಹೋಗೋ ಕಡೆ ಐತೇನಂತ ಈಗ್ಲೇ ಕೇಳು. ಅದು ತಗೊಂಡ್ರ ಜೀವನಪೂರ್ತಿ ಬೆನ್ನು ನೋವು ಬರತೈತಿ ಅನ್ನೋದು ಬರೇ ಮಾತು. ಕೊಯ್ದು ಹೊಲಿಗಿ ಹಾಕೋದೂ ಎಲ್ಲಾರಿಗೂ ಮಾಡಬೇಕಾದ್ದಲ್ಲ, ಬೇಕಾದವರಿಗೆ ಮಾತ್ರ.

ಇನ್ನ ಸಾವಿಂದು. ನಿನ್ನ ಅಕ್ಕ ರಕ್ತ ಹೋಗಿ ತೀರ್ಕೊಂಡ್ಲು ಅಂದಿ. ಹೆರಿಗೆಯಾಗ ಹೆಣ್ಣುಮಕ್ಕಳು ಸಾಯೋ ಕಾರಣದಾಗ ಮೊದಲಿನದ್ದೇ ಅದು, ಆದ್ರ ಅದು ಹಣೆಬರಹ ಅಲ್ಲ, ಅದಕ್ಕೊಂದು ದಾರಿ ಐತಿ. ಕೂಸು ಹುಟ್ಟಿ ಮಾಸು ಬಿದ್ದಮ್ಯಾಲೆ ಗರ್ಭಕೋಶ ಮುಷ್ಟಿ ಹಿಡಿದಂಗ ಗಟ್ಟಿ ಆಗಬೇಕು, ಆಗದಿದ್ರ ರಕ್ತ ನಿಲ್ಲಂಗಿಲ್ಲ. ಅದಕ್ಕ ಈಗ ಕೂಸು ಹುಟ್ಟಿದ ಒಂದು ನಿಮಿಷದಾಗ ತಾಯಿಗೆ ಆಕ್ಸಿಟೋಸಿನ್ 10 ಯೂನಿಟ್ ಇಂಜೆಕ್ಷನ್ ಕೊಡ್ತೀವಿ, ರಕ್ತ ಹೋಗಲಿ ಬಿಡಲಿ, ಎಲ್ಲಾರಿಗೂ. ಆಮ್ಯಾಲೆ ಎರಡು ತಾಸು ಅಲ್ಲೇ ಇಟ್ಕೊಂಡು ಹೊಟ್ಟಿ ಮುಟ್ಟಿ ನೋಡ್ತಿರ್ತೀವಿ. ಮೊದ್ಲಿಂದಾನ ರಕ್ತ ಕಡಿಮಿ ಇದ್ದಾಕಿ ಸ್ವಲ್ಪ ರಕ್ತ ಹೋದ್ರೂ ತಡಕೊಳ್ಳಂಗಿಲ್ಲ, ನಮ್ಮ ಕಡೆ ಇದು ದೊಡ್ಡ ಸಮಸ್ಯೆ. ಹಂಗಾಗಿ ಸಾವಿನ ಅಂಜಿಕಿ ಬಂದಾಗೆಲ್ಲಾ ನೀ ನೋಡಬೇಕಾದ್ದು ತಾಯಿ ಕಾರ್ಡ್‌ನಾಗ ಹಿಮೋಗ್ಲೋಬಿನ್ ಎಷ್ಟು ಬರದಾರ ಅನ್ನೋದು. 11ಕ್ಕಿಂತ ಕಡಿಮಿ ಇದ್ರ ರಕ್ತಹೀನತೆ. ಕಬ್ಬಿಣದ ಗುಳಿಗಿ ದಿನಾ ತಗೋ, ಚಹಾ ಹಾಲಿನ ಜೋಡಿ ಬ್ಯಾಡ, ಲಿಂಬಿಹಣ್ಣಿನ ಪಾನಕದ ಜೋಡಿ ತಗೊಂಡ್ರ ಮೈಗೆ ಹತ್ತತೈತಿ, ಕ್ಯಾಲ್ಸಿಯಂ ಗುಳಿಗಿ ಬ್ಯಾರೆ ಹೊತ್ತಿನಾಗ. ಗುಳಿಗಿ ತಗೊಂಡ್ರ ಕೂಸು ಕರ್ರಗ ಹುಟ್ಟತೈತಿ ಅಂತ ಯಾರರ ಹೇಳಿದ್ರ ಅವರ ಮಾತು ಕೇಳಿ ಎಸೀಬ್ಯಾಡ.

ಲೆಕ್ಕಾನೂ ಹೇಳ್ತೀನಿ, ಅಂಜಿಕಿಗೆ ಲೆಕ್ಕದ ಮುಂದ ಸ್ವಲ್ಪ ಬಲ ಕಡಿಮಿ ಆಗತೈತಿ. ಕೇಂದ್ರ ಸರ್ಕಾರದ 2018-20ರ ಲೆಕ್ಕದಾಗ ಕರ್ನಾಟಕದಾಗ 1 ಲಕ್ಷ ಕೂಸು ಹುಟ್ಟಿದ್ರ 69 ತಾಯಂದಿರು ತೀರ್ಕೊಂಡಾರ. ಆ 69 ಕೂಡ ಆಗಬಾರದಾಗಿತ್ತು, ಒಬ್ಬೊಬ್ಬಾಕಿನೂ ಯಾರದೋ ಮಗಳು. ಆದ್ರ ಉಳಿದ 99,931 ಮಂದಿ ಮನಿಗೆ ಹೋಗ್ಯಾರ, ಅವರ ಸುದ್ದಿ ಟಿವಿಯಾಗ ಬರಂಗಿಲ್ಲ. ಬಳ್ಳಾರಿದು ನಾ ಮುಚ್ಚಿಡಂಗಿಲ್ಲ. 2024ರ ನವೆಂಬರ್‌ನಾಗ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದ ಒಬ್ಬರು ತೀರ್ಕೊಂಡಿದ್ದು ನಿಜ, ಅವರಿಗೆ ಏರಿಸಿದ್ದ ಐವಿ ದ್ರಾವಣದ ಮ್ಯಾಲೆ ಅನುಮಾನ ಬಂದು ಆ ಬಾಟಲಿ ಬಳಸೋದನ್ನ ನಿಲ್ಲಿಸಿ ತನಿಖೆಗೆ ಹಚ್ಚಿದ್ದೂ ನಿಜ. ಅವತ್ತು ನಮ್ಮಂಥ ಡಾಕ್ಟರಿಗೂ ರಾತ್ರಿ ನಿದ್ದಿ ಬಂದಿಲ್ಲ ತಂಗಿ. ಅದಕ್ಕ ನೀ ಅಂಜಿದ್ದು ಹುಚ್ಚುತನ ಅಲ್ಲ, ನ್ಯಾಯವಾಗೇ ಅಂಜಿ. ಆದ್ರ ಒಂದು ಮಾತು ವಿಚಾರ ಮಾಡು, ಆ ಸುದ್ದಿಗೆ ಅಂಜಿ ನೀ ಕೇಳಾಕತ್ತಿದ್ದು ಸಿಸೇರಿಯನ್. ಅಂಜಿಕಿ ಜೋರಾದಾಗ ತಲಿ ಹಿಂಗ ಮಾಡತೈತಿ, ಯಾವುದರ ಬಾಗಿಲು ಕಂಡ್ರ ಸಾಕು ಅದರಾಗ ಓಡತೈತಿ, ಅದು ಎಲ್ಲಿಗೆ ಹೋಗತೈತಿ ಅಂತ ನೋಡಂಗಿಲ್ಲ.

ಸಿಸೇರಿಯನ್ ಕೆಟ್ಟದ್ದು ಅಂತ ನಾ ಹೇಳಾಕತ್ತಿಲ್ಲ. ಎಷ್ಟೋ ಜೀವ ಅದರಿಂದ ಉಳದಾವ, ನಾಳೆ ನಿನಗೂ ಬೇಕಾದ್ರ ಅಂಜದಂಗ ಮಾಡಿಸ್ಕೊ, ಅದು ಸೋತಂಗೂ ಅಲ್ಲ, ಹಡಿಯೋದು ತಪ್ಪಿಸ್ಕೊಂಡಂಗೂ ಅಲ್ಲ. ಆದ್ರ ಅದು ಆಪರೇಶನ್. ಹೊಟ್ಟಿ ಏಳು ಪದರ ಕೊಯ್ದು ಹೊಲೀತೀವಿ, ವಾರಗಟ್ಟಲೆ ಏಳಾಕ ಕುಂದ್ರಾಕ ತ್ರಾಸ, ಮುಂದಿನ ಬಸುರಿನಾಗ ಮಾಸು ಆ ಗಾಯದ ಮ್ಯಾಲೆ ಅಂಟಿಕೊಳ್ಳೋ ತೊಂದರೆ ಬರಬಹುದು. ಬರೇ ಅಂಜಿಕಿ ಸಲುವಾಗಿ ಮಾಡಿಸಿದ್ರ ಅಂಜಿಕಿ ಹೋಗಂಗಿಲ್ಲ, ಜಾಗ ಬದಲಿ ಮಾಡತೈತಿ ಅಷ್ಟ. ಅದಕ್ಕ ಮೊದ್ಲ ಈ ಎರಡು ತಿಂಗಳು ಅಂಜಿಕಿಗೇ ಔಷಧ ಮಾಡೋಣು. ಅಷ್ಟೆಲ್ಲಾ ಮಾಡಿದಮ್ಯಾಲೂ ನಿನಗ ಆಗಂಗೇ ಇಲ್ಲ ಅನಿಸಿದ್ರ ನಿನ್ನ ಡಾಕ್ಟರ್ ಮುಂದ ಕುಂತು ಬಿಚ್ಚಿ ಹೇಳು, ಅದನ್ನ ಕೇಳೋ ಹಕ್ಕು ನಿನಗೈತಿ, ಅವರೂ ಕೇಳಬೇಕು.

ಈಗ ನಾ ನಿಜವಾಗ್ಲೂ ಹೇಳಬೇಕಂತಿರೋ ಮಾತಿಗೆ ಬರ್ತೀನಿ. ನೀ ಬರದಿದ್ದನ್ನ ಮೂರು ಸಲ ಓದಿದೆ. ಅಕ್ಕನ ಬಗ್ಗೆ, ಟಿವಿ ಬಗ್ಗೆ, ಅತ್ತಿ ಬಗ್ಗೆ ಉದ್ದ ಬರದಿ, ನಿಮ್ಮ ಅವ್ವನ ಬಗ್ಗೆ ಅರ್ಧ ಸಾಲು. "ನಮ್ಮ ಅವ್ವ ಇಲ್ಲ" ಅಂತ. ನನಗ ಅನಸತೈತಿ, ರಾತ್ರಿ 3 ಗಂಟೆಕ್ಕ ನಿನ್ನ ಎಬ್ಬಸೋದು ಆ ಅರ್ಧ ಸಾಲು. ನಮ್ಮ ಕಡೆ ಚೊಚ್ಚಲ ಅಂದ್ರ ತವರು, ತವರು ಅಂದ್ರ ಅವ್ವ. ಹೊಟ್ಟಿ ಒಗ್ಗರಣಿ ವಾಸನಿಗೆ ತೊಳಸಿದ್ರೂ, ಕಾಲು ಬಾತರೂ, ಕೂಸು ಮಿಸುಕಿದ್ರೂ ಕೇಳೋದು ಅವ್ವನ್ನ. ಎಲ್ಲಾರೂ ಕುಬಸಕ್ಕ ಸೀರಿ ಯಾವ್ದು, ಅಡಿಗಿ ಏನು ಅಂತ ಮಾತಾಡಾಕತ್ತಿರಬೇಕು, ಉಡಿ ತುಂಬಾಕ ಅವ್ವ ಇಲ್ಲ ಅನ್ನೋದನ್ನ ಶುಭ ಕಾರ್ಯದಾಗ ತಗೀಬಾರ್ದು ಅಂತ ಯಾರೂ ತಗದಿರಂಗಿಲ್ಲ. ಬಸುರಿ ಇದ್ದಾಗ ಸತ್ತ ಅವ್ವ ಮತ್ತೊಮ್ಮಿ ಹೋದಂಗ ಆಗತೈತಿ, ನಾ ಎಷ್ಟೋ ಮಂದಿಯಾಗ ನೋಡೀನಿ. ಅತ್ರ ಅಪಶಕುನ ಏನಿಲ್ಲ, ಅಳು. ಒಬ್ಬಾಕಿನ ಅಳಬ್ಯಾಡ, ಯಾರರ ಮುಂದ ಅಳು.

ಮತ್ತ ಹೆರಿಗೆ ಕೋಣಿಯಾಗ ಒಬ್ಬಾಕಿನ ಇರಬ್ಯಾಡ. ಇದಕ್ಕ ನಿನ್ನ ಕಡೆ ಸರ್ಕಾರದ ಆದೇಶ ಐತಿ. 2016ರಾಗ ಕೇಂದ್ರ ಆರೋಗ್ಯ ಇಲಾಖೆ ಸರ್ಕಾರಿ ಆಸ್ಪತ್ರಿಯಾಗ ಹೆರಿಗೆ ಹೊತ್ತಿನಾಗ ಹೆಣ್ಣುಮಗಳು ತನ್ನ ಕಡೆಯ ಒಬ್ಬಾಕಿನ್ನ ಜೋಡಿ ಇಟ್ಕೋಬಹುದು ಅಂತ ತಿಳಿಸೈತಿ. ಹಡದು ಅನುಭವ ಇದ್ದಾಕಿ ಆದ್ರ ಚೊಲೋ, ಸೋಂಕಿನ ರೋಗ ಇರಬಾರದು, ತೊಳದ ಬಟ್ಟಿ ಹಾಕ್ಕೊಂಡಿರಬೇಕು, ಸಿಸ್ಟರ್ ಡಾಕ್ಟರ್ ಕೆಲಸಕ್ಕ ಅಡ್ಡ ಬರಬಾರದು, ಇಷ್ಟ. ಮರೆ ಚೊಲೋ ಇರೋ ಕಡೆ ಗಂಡನ್ನೂ ಬಿಡಬಹುದು ಅಂತೈತಿ. ಆಮ್ಯಾಲೆ 2017ರಾಗ ಬಂದ ಲಕ್ಷ್ಯ ಅನ್ನೋ ಹೆರಿಗೆ ಕೋಣಿ ಸುಧಾರಣೆ ಕಾರ್ಯಕ್ರಮದಾಗೂ ಇದು ಐತಿ. ಇದು ಬರೇ ಸಮಾಧಾನದ ಮಾತಲ್ಲ, ಬ್ಯಾರೆ ಬ್ಯಾರೆ ದೇಶದ 15 ಸಾವಿರಕ್ಕಿಂತ ಹೆಚ್ಚು ಹೆಣ್ಣುಮಕ್ಕಳನ್ನ ನೋಡಿದ ಅಧ್ಯಯನಗಳನ್ನೆಲ್ಲಾ ಕೂಡಿಸಿ 2017ರಾಗ ತೂಗಿ ನೋಡಿದಾಗ, ಪೂರ್ತಿ ಹೊತ್ತು ಒಬ್ಬರು ಜೋಡಿ ಇದ್ದವರಿಗೆ ಹೆರಿಗೆ ಸ್ವಲ್ಪ ಜಲ್ದಿ ಆಗ್ಯಾವ, ಸಿಸೇರಿಯನ್ ಕಡಿಮಿ ಆಗ್ಯಾವ. ಕೈ ಹಿಡಿಯೋದೂ ಔಷಧಾನ. ನಮ್ಮ ಹಿಂದಿನ ಸೂಲಗಿತ್ತಿಯರು ಮಾಡ್ತಿದ್ದ ಅರ್ಧ ಕೆಲಸ ಇದೇ ಇತ್ತು, ಬೆನ್ನು ತಿಕ್ಕೋದು, "ಇನ್ನೊಂದು ಸ್ವಲ್ಪ ನನ್ನವ್ವ" ಅನ್ನೋದು. ಆಸ್ಪತ್ರಿಗೆ ಬಂದಮ್ಯಾಲೆ ಜೀವ ಉಳಿಸೋ ಇಂಜೆಕ್ಷನ್ ಸಿಕ್ತು, ಆ ಬೆನ್ನು ತಿಕ್ಕೋ ಕೈ ಕಳಕೊಂಡ್ವಿ. ಎರಡೂ ಬೇಕು.

ಆದೇಶ ಇದ್ರೂ ಎಲ್ಲಾ ಕಡೆ ಬಿಡ್ತಾರ ಅಂತ ನಾ ಹೇಳಂಗಿಲ್ಲ. ಬ್ಯಾನಿ ಬಂದಾಗ ಬಾಗಿಲದಾಗ ನಿಂತು ಜಗಳ ಮಾಡಾಕ ಆಗಂಗಿಲ್ಲ, ಅದಕ್ಕ ಈಗ್ಲೇ ಕೇಳಬೇಕು. ತಿಂಗಳ 9ನೇ ತಾರೀಖಿಗೆ ಸರ್ಕಾರಿ ಆಸ್ಪತ್ರಿಯಾಗ ಬಸುರಿಯರ ತಪಾಸಣೆ ಇರತೈತಲ್ಲ, ಅವತ್ತು ನಿಮ್ಮ ಆಶಾ ಅಕ್ಕನ್ನ ಕರಕೊಂಡು ಹೋಗು. ಹೆರಿಗೆ ಕೋಣಿ ಒಮ್ಮಿ ತೋರಿಸ್ರಿ ಅಂತ ಕೇಳು, ಟೇಬಲ್ ಯಾವುದು, ಬಾತ್‌ರೂಮ್ ಎಲ್ಲಿ, ಸಿಸ್ಟರ್ ಯಾರು ಅಂತ ಕಣ್ಣಲ್ಲಿ ನೋಡ್ಕೊಂಡು ಬಂದ್ರ ರಾತ್ರಿ ತಲಿಯಾಗ ಬರೋ ಚಿತ್ರ ಬದಲಿ ಆಗತೈತಿ. "ನಂಗ ಹೆರಿಗೆ ಅಂದ್ರ ಭಾಳ ಭಯ ಐತ್ರಿ, ನಮ್ಮ ಚಿಗವ್ವನ್ನ ಒಳಗ ಬಿಡ್ರಿ, ಮುಟ್ಟೋಕಿಂತ ಮೊದ್ಲ ಹೇಳ್ರಿ" ಅಂತ ಈ ಮೂರು ಮಾತು ಹೇಳು, ಆಗಂಗಿಲ್ಲ ಅನಿಸಿದ್ರ ಚೀಟಿಯಾಗ ಬರದು ಕೊಡು. ನಾನೂ ಚೀಟಿ ಇಸ್ಕೊಂಡೀನಿ, ಅದನ್ನ ಕೇಸ್ ಶೀಟಿಗೇ ಪಿನ್ ಮಾಡೀನಿ.

ರಾತ್ರಿ ಎದಿ ಡವಡವದ ಬಗ್ಗೆ. ಅದನ್ನ ಪೂರ್ತಿ ಮನಸಿಂದು ಅಂತ ಬಿಡಾಕ ಬರಂಗಿಲ್ಲ, ರಕ್ತ ಕಡಿಮಿ ಇದ್ರೂ, ಥೈರಾಯ್ಡ್ ಏರುಪೇರು ಇದ್ರೂ, ಈ ಬಿಸಿಲಾಗ ನೀರು ಕಡಿಮಿ ಕುಡದ್ರೂ ಎದಿ ಹಂಗ ಬಡೀತೈತಿ, ನಿಮ್ಮ ರಾಯಚೂರು ಸೀಮಿ ಬಿಸಿಲು ನಿನಗ ನಾ ಹೇಳಬೇಕಾಗಿಲ್ಲ. ಮೊದ್ಲ ಅವೆರಡು ಟೆಸ್ಟ್ ಮಾಡಿಸು. ಎಚ್ಚರ ಆದಾಗ ಮೊಬೈಲ್ ಮುಟ್ಟಬ್ಯಾಡ, ಆ ಹೊತ್ತಿನಾಗ ಹೆರಿಗೆ ಅಂತ ಹುಡುಕಿದ್ರ ಒಳ್ಳೇದು ಒಂದೂ ಬರಂಗಿಲ್ಲ. ಎದ್ದು ಕುಂದ್ರು, ಒಂದು ಗುಟುಕು ನೀರು ಕುಡಿ, ಕೈ ಹೊಟ್ಟಿ ಮ್ಯಾಲೆ ಇಟ್ಕೊ, ಮೂಗಿಲೆ ಉಸಿರು ತಗೊಂಡು ಬಾಯಿಲೆ ಬಿಡು, ಒಲಿ ಊದಿದಂಗ ಜೋರಾಗಿ ಅಲ್ಲ, ಬಿಸಿ ಹಾಲು ಆರಿಸಿದಂಗ ಸಣ್ಣಗ, ಉದ್ದಕ. ತಗೊಳ್ಳೋದು ನಾಲ್ಕು ಎಣಿಸೋತನಕ ಆದ್ರ ಬಿಡೋದು ಆರು ಎಂಟು. ಹತ್ತು ಸಲ. ಈ ಉಸಿರನ್ನ ಈಗಿಂದ ದಿನಾ ಮಾಡಿದ್ರ ಬ್ಯಾನಿ ಹೊತ್ತಿಗೆ ಮೈಗೆ ರೂಢಿ ಆಗಿರತೈತಿ, ಅವತ್ತು ಹೊಸದಾಗಿ ಕಲಿಯಾಕ ಆಗಂಗಿಲ್ಲ. ಹಗಲಾಗ ಒಂದು ಹಾಳ್ಯಾಗ ನಿನ್ನ ಅಂಜಿಕಿ ಒಂದೊಂದ ಬರದು, ಅದರ ಮುಂದ ಇದನ್ನ ಯಾರಿಗೆ ಕೇಳಬೇಕು ಅಂತ ಬರಿ. ಡಾಕ್ಟರಿಗೋ, ಆಶಾ ಅಕ್ಕಗೋ, ಗಂಡಗೋ. ಯಾರ ಹೆಸರೂ ಬರಂಗಿಲ್ಲ ಅನ್ನೋ ಅಂಜಿಕಿ ಒಂದೋ ಎರಡೋ ಉಳೀತಾವ, ಅವು ದೇವರಿಗೆ ಬಿಟ್ಟಿದ್ದು, ಹುಲಿಗೆಮ್ಮಗ ಹೇಳ್ಕೊ, ಅದನ್ನೂ ನಾ ಬ್ಯಾಡ ಅನ್ನಂಗಿಲ್ಲ.

ಇಷ್ಟಕ್ಕ ಇಳೀಲಿಲ್ಲ ಅಂದ್ರ ನಾಚಿಕೊಳ್ಳಬ್ಯಾಡ. ಹೋದ ಎರಡು ವಾರದಾಗ ಅರ್ಧಕ್ಕಿಂತ ಹೆಚ್ಚು ದಿನ ಗಾಬರಿ ಇದ್ದು, ಚಿಂತಿ ನಿಲ್ಲಿಸಬೇಕಂದ್ರೂ ನಿಲ್ಲವಲ್ದು ಅಂದ್ರ, ಊಟ ಸೇರವಲ್ದು ಅಂದ್ರ, ತಪಾಸಣೆಗೆ ಹೋಗಾಕ ಅಂಜಿಕಿ ಆಗಿ ತಪ್ಪಿಸಾಕತ್ತಿ ಅಂದ್ರ ಮನೋವೈದ್ಯರನ್ನ ನೋಡ್ಲೇಬೇಕು. ಸಾಯಬೇಕು ಅನ್ನೋ ವಿಚಾರ ಒಮ್ಮಿ ಬಂದ್ರೂ ಅವತ್ತೇ ಹೇಳು. ಟೆಲಿ ಮಾನಸ್ ಅಂತ ಸರ್ಕಾರದ ಫೋನ್ ಸೇವೆ ಐತಿ, ನಂಬರ್ 14416, ದುಡ್ಡು ಬೀಳಂಗಿಲ್ಲ, ರಾತ್ರಿ 3 ಗಂಟೆಕ್ಕೂ ಎತ್ತತಾರ, ಕನ್ನಡದಾಗ ಮಾತಾಡ್ತಾರ. ಜಿಲ್ಲಾ ಆಸ್ಪತ್ರಿಯಾಗ ಮನೋವೈದ್ಯರು ಅದಾರ. ಮಾತಾಡೋ ಚಿಕಿತ್ಸೆಯಿಂದಾನ ಭಾಳ ಮಂದಿಗೆ ಕಡಿಮಿ ಆಗತೈತಿ, ಬೇಕಾದ್ರ ಬಸುರಿಯರಿಗೆ ಕೊಡಬಹುದಾದ ಗುಳಿಗಿನೂ ಅದಾವ, ಡಾಕ್ಟರ್ ನೋಡಿ ಕೊಡ್ತಾರ. ಹಿಂದಿಂದ ಏನರ ಗುಳಿಗಿ ತಗೋತಿದ್ರ ನೀನ ನಿಲ್ಲಿಸಬ್ಯಾಡ.

ಒಂದು ಎಚ್ಚರಿಕಿ, ಮನಿಯವರೆಲ್ಲಾ ಓದ್ರಿ. "ಆಕಿದು ಯಾವಾಗ್ಲೂ ಟೆನ್ಶನ್ನು" ಅಂತ ಒಮ್ಮಿ ಹೆಸರು ಬಿದ್ರ ಖರೇ ತ್ರಾಸಾನೂ ಟೆನ್ಶನ್ ಲೆಕ್ಕಕ್ಕ ಹೋಗತೈತಿ. ತಲಿ ಸಿಡಿದು ಕಣ್ಣು ಮಂಜಾದ್ರ, ಮುಖ ಕೈ ಬಾತರ, ರಕ್ತ ಕಂಡ್ರ, ನೀರು ಹೋದ್ರ, ಜ್ವರ ಬಂದ್ರ, ಕೂಸು ಮಿಸುಕೋದು ಕಡಿಮಿ ಆದ್ರ, ಉಸಿರು ಕಟ್ಟಿದ್ರ, ಅದು ಅಂಜಿಕಿ ಅಲ್ಲ, ಕೂಡ್ಲೇ 108ಕ್ಕ ಫೋನ್ ಮಾಡಿ ಆಸ್ಪತ್ರಿಗೆ ಹೋಗಬೇಕು. ಸರ್ಕಾರಿ ಆಸ್ಪತ್ರಿಯಾಗ ಹೆರಿಗೆ, ಸಿಸೇರಿಯನ್, ರಕ್ತ, ಔಷಧ, ಹೋಗೋ ಬರೋ ಗಾಡಿ ಎಲ್ಲಾ ಬಿಟ್ಟಿ, ವಾಪಸ್ ಮನಿಗೆ ನಗು-ಮಗು ಗಾಡಿ ಬಿಡತೈತಿ, ದುಡ್ಡಿನ ವಿಚಾರ ಮಾಡ್ಕೋತ ಕುಂದ್ರಬ್ಯಾಡ್ರಿ.

ಅತ್ತಿಯವರಿಗೆ ಸಿಟ್ಟು ಮಾಡಬ್ಯಾಡ ತಂಗಿ. ಹೊಲದಾಗ ಹಡದಾಕಿಗೆ ಅವತ್ತು ಅಂಜಿಕಿ ಇರ್ಲಿಲ್ಲೇನು? ಇತ್ತು, ಕೇಳೋರು ಇರ್ಲಿಲ್ಲ. ಒಂದಿನ ಇಬ್ಬರ ಇದ್ದಾಗ, "ಅತ್ತಿ, ಹೊಲದಾಗ ಬ್ಯಾನಿ ಬಂದಾಗ ನಿಮ್ಮ ಜೋಡಿ ಯಾರಿದ್ರು?" ಅಂತ ಮೆಲ್ಲಕ ಕೇಳಿ ನೋಡು. ಗಂಡಗ ಫೋನಿನಾಗ "ಚೆಂದದೀನಿ" ಅನ್ನೋದು ಬಿಟ್ಟು ಇದ್ದದ್ದು ಹೇಳು, ಹೆರಿಗೆ ತಾರೀಖಿನ ಹತ್ರ ಎರಡು ವಾರ ರಜಾ ಈಗ್ಲೇ ಬರದು ಕೊಡಾಕ ಹೇಳು, ಶಿಫ್ಟ್ ಕೆಲಸದಾಗ ಕಡೀ ಹೊತ್ತಿಗೆ ಕೇಳಿದ್ರ ಸಿಗಂಗಿಲ್ಲ.

ಕುಬಸದ ದಿನ ಹೆಣ್ಣುಮಕ್ಕಳು ಕೂಡ್ತಾರ, ಮಾತು ಬರತೈತಿ, ಯಾರೋ ಒಬ್ಬಾಕಿ ಯಾರದೋ ಸತ್ತ ಕತಿ ತಗದೇ ತಗೀತಾಳ. ಆಗ ಅಲ್ಲಿಂದ ಎದ್ದು ಬಿಡು, ಬಸುರಿ ಎದ್ರ ಯಾರೂ ಏನೂ ಅನ್ನಂಗಿಲ್ಲ. ಎದ್ದು ಹೋಗಿ ನಿಮ್ಮ ಚಿಗವ್ವನ ಬಗಲಾಗ ಕುಂದ್ರು. ಆಕಿ ಜೋಡಿ ಹೆರಿಗೆ ಕೋಣಿಯೊಳಗ ಬರ್ತಾಳೇನಂತ ಅವತ್ತೇ ಕೇಳು, ಉಡಿ ತುಂಬಿ ಮುಗಿಯೋಕಿಂತ ಮೊದ್ಲ. ಬರ್ತೀನಿ ಅಂದ್ರ 9ನೇ ತಾರೀಖಿಗೆ ತಪಾಸಣೆಗೂ ಆಕಿನ್ನ ಕರಕೊಂಡು ಹೋಗು, ಸಿಸ್ಟರ್ ಆಕಿ ಮುಖಾನೂ ಒಮ್ಮಿ ನೋಡಿರಲಿ.